ಹೊಸ ಪೆಟ್ಟಿಗೆ ಓಡುತ್ತಾ? ಹಟ್ಟಿಯನ್ನು ಕೇಳಿ!

ಹೊಸ ಚಿತ್ರ ಓಡುತ್ತಾ, ಇಲ್ವಾ? ಇದು ಗಾಂಧಿನಗರದ ಪ್ರಶ್ನೆ. ಹೊಸ ವೀಡಿಯೋ ಪೆಟ್ಟಿಗೆ ಓಡುತ್ತಾ, ಇಲ್ವಾ? ಇದು ಟೋಕಿಯೋದ ಪ್ರಶ್ನೆ. ಎರಡಕ್ಕೂ ಉತ್ತರ ಕೊಡುವವನು ಮಾತ್ರ ಒಬ್ಬನೇ. ಬಸ್‌ಸ್ಟ್ಯಾಂಡಿನಲ್ಲಿ ನಿಂತು ಜೇಬಿನ ಚಿಲ್ಲರೆ ಎಣಿಸುವ ಪ್ರೇಕ್ಷಕ ಮಹಾಪ್ರಭು!

ಕಳೆದ ಐವತ್ತು ವರ್ಷಗಳಲ್ಲಿ ಮನೆಯಲ್ಲೇ ಚಿತ್ರ ಹಿಡಿದಿಡುವ ಎಷ್ಟು ಬಗೆಯ ಮಾಲು ಬಂದವು ಸ್ವಾಮೀ! ಬೀಟಾಮ್ಯಾಕ್ಸ್ ಬಂತು, ವಿಎಚ್‌ಎಸ್ ಬಂತು, ವಿಸಿಡಿ ಬಂತು, ಡಿವಿಡಿ ಬಂತು, ಬ್ಲೂ-ರೇ ಬಂತು. ಒಂದೊಂದು ಬಂದಾಗಲೂ 'ಇನ್ನು ಇದೇ ಕೊನೆ, ಇದಕ್ಕಿಂತ ಮುಂದಿಲ್ಲ' ಎಂದು ಡಂಗುರ ಹೊಡೆದರು. ಕೆಲವು ನೂರು ದಿನ ಓಡಿದವು, ಕೆಲವು ಮ್ಯಾಟಿನಿಗೇ ಮುಗ್ಗರಿಸಿದವು. ಯಾಕೆ? ಉತ್ತರವನ್ನು ಪೇಟೆಯ ಶೋರೂಮಿನಲ್ಲಿ ಕೇಳಿದರೆ ಲೆನ್ಸು, ಲೈನು, ಪಿಕ್ಸೆಲ್ಲು ಎಂದು ಶುರು ಹಚ್ಚುತ್ತಾರೆ. ಅದಕ್ಕೇ ನಾನು ಶೋರೂಮು ಬಿಟ್ಟು ಹಟ್ಟಿಗೆ ಹೊರಟೆ.

ಹಟ್ಟಿಯೇ ಯಾಕೆ ಅಂತೀರಾ? ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲೂಕಿನ ಈ ಊರು ಚಿನ್ನದ ಗಣಿಯ ಊರು. ಸುತ್ತ ಮಳೆ ನಂಬಿದ ಬೇಸಾಯ, ನಡುವೆ ತಿಂಗಳ ಸಂಬಳದ ಊರು. ಸಂಬಳ ಬಂದಲ್ಲಿಗೆ ಸಾಮಾನು ಬರುತ್ತೆ. ಅದಕ್ಕಿಂತ ಮುಖ್ಯ, ಇಲ್ಲಿ ಬದುಕು ಪಾಳಿಯ ಮೇಲೆ ನಡೆಯುತ್ತೆ. ಮೂರು ಪಾಳಿಯ ಗಣಿಯಲ್ಲಿ ಒಬ್ಬನ ಸಂಜೆ ಇನ್ನೊಬ್ಬನ ಬೆಳಗು. ಆರೂವರೆಯ ಆಟಕ್ಕೆ ಊರೆಲ್ಲ ಒಟ್ಟಿಗೆ ಹೋಗಲು ಸಾಧ್ಯವೇ ಇಲ್ಲದ ಊರು! ಮನೆಯೊಳಗಿನ ಸಿನಿಮಾಕ್ಕೆ ಇದಕ್ಕಿಂತ ಒಳ್ಳೆ ಪರೀಕ್ಷೆಯ ಮೈದಾನ ಸಿಕ್ಕೀತೇ?

ಕಲ್ಲಿನ ಕ್ಯಾಸೆಟ್ಟು

ಸಿಂಧನೂರಿನಿಂದ ಬಸ್ಸು ಹಿಡಿದೆ. ತುಂಗಭದ್ರೆಯ ಕಾಲುವೆ ನೀರು ಇರುವ ತನಕ ಕಣ್ಣಿಗೆ ಭತ್ತದ ಹಸಿರು. ಆಮೇಲೆ ನೆಲದ ಬಣ್ಣ ಬದಲು, ಬಂಡೆಗಳ ರಾಜ್ಯ. ದಾರಿಯಲ್ಲಿ ಮಸ್ಕಿ. ಬಸ್ಸಿನಲ್ಲಿ ಕೂತವರೆಲ್ಲ ಮೊಬೈಲಿನಲ್ಲಿ ಮುಳುಗಿದ್ದರು, ನಾನು ಮಾತ್ರ ಇಳಿದೆ. ಇಳಿಯದೆ ಮುಂದೆ ಹೋಗುವ ಹಾಗಿಲ್ಲ. ಈ ಸೀಮೆಯ ಅತಿ ಹಳೆಯ 'ರೆಕಾರ್ಡಿಂಗ್' ಇರುವುದು ಇಲ್ಲೇ!

ಸಾಮ್ರಾಟ ಅಶೋಕ ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದೆ ಬಂಡೆಯ ಮೇಲೆ ಕೆತ್ತಿಸಿದ ಶಾಸನ. 1915ರಲ್ಲಿ ಇದು ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರನ ಕಣ್ಣಿಗೆ ಬಿತ್ತು. ಅಲ್ಲಿಯವರೆಗೆ ಸಿಕ್ಕ ಶಾಸನಗಳಲ್ಲಿ 'ದೇವಾನಾಂಪ್ರಿಯ' ಎಂಬ ಬಿರುದು ಮಾತ್ರ ಇತ್ತು. ಆ ಬಿರುದಿನ ಜೊತೆ ಅಶೋಕ ಎಂಬ ಹೆಸರನ್ನು ಕೂಡಿಸಿ ಹೇಳಿದ್ದು ಮಸ್ಕಿಯ ಕಲ್ಲು. ಬಂಗಾರದ ಜನಕ್ಕೆ ಸಿಕ್ಕಿದ್ದು ಬಂಗಾರಕ್ಕಿಂತ ದೊಡ್ಡದು.

ಸಿನಿಮಾ ಪತ್ರಿಕೆಯಲ್ಲಿ ಶಾಸನದ ಪಾಠ ಯಾಕಪ್ಪಾ ಎಂದು ಹುಬ್ಬು ಗಂಟಿಕ್ಕಬೇಡಿ. ಒಂದು ಮಾತಿದೆ. ಕಲ್ಲು ಗಟ್ಟಿಯಾಗಿಯೇ ಇತ್ತು, ಅಕ್ಷರ ಅಳಿದಿರಲಿಲ್ಲ. ಆದರೂ ನೂರಾರು ವರ್ಷ ಅಶೋಕನ ಇಂಥ ಕಲ್ಲುಗಳನ್ನು ಓದುವವರೇ ಇರಲಿಲ್ಲ, ಬ್ರಾಹ್ಮಿ ಲಿಪಿ ಮರೆತುಹೋಗಿತ್ತು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಆ ಲಿಪಿಯ ಗುಟ್ಟು ಬಿಡಿಸಿದ ಮೇಲೆಯೇ ಕಲ್ಲುಗಳಿಗೆ ಬಾಯಿ ಬಂದದ್ದು. ಅಂದರೆ, ಬರೆದಿಟ್ಟರೆ ಸಾಲದು, ಓದುವ ಉಪಾಯವೂ ಉಳಿಯಬೇಕು. ಕ್ಯಾಸೆಟ್ಟು ಇದ್ದರೆ ಸಾಲದು, ಅದನ್ನು ಆಡಿಸುವ ಯಂತ್ರವೂ ಇರಬೇಕು. ಈ ಮಾತನ್ನು ಜೇಬಿನಲ್ಲಿಟ್ಟುಕೊಳ್ಳಿ, ಹಟ್ಟಿಯಲ್ಲಿ ಬೇಕಾಗುತ್ತೆ.

ಗಣಿಯ ಗೋಪುರದ ನೆರಳಲ್ಲಿ

ಲಿಂಗಸುಗೂರು ದಾಟಿ ಸುಮಾರು 20 ಕಿಲೋಮೀಟರು ಹೋದರೆ ಹಟ್ಟಿ. ಮೊದಲು ಕಾಣುವುದು ಶಾಫ್ಟಿನ ಮೇಲಿನ ಉಕ್ಕಿನ ಗೋಪುರ, ಮೇಲೆ ತಿರುಗುವ ಚಕ್ರ. ಮಲ್ಲಪ್ಪ ಶಾಫ್ಟ್, ಸೆಂಟ್ರಲ್ ಶಾಫ್ಟ್, ವಿಲೇಜ್ ಶಾಫ್ಟ್ ಎಂದು ಇವಕ್ಕೆ ಹೆಸರು. ಪಕ್ಕದಲ್ಲಿ ಅರೆದು ಚಿನ್ನ ತೆಗೆದ ಮೇಲೆ ಉಳಿದ ಬೂದು ಮಣ್ಣಿನ ಗುಡ್ಡಗಳು. 'ಕೆಜಿಎಫ್' ಚಿತ್ರ ನೋಡಿದವರಿಗೆ ಈ ಬಣ್ಣ ಪರಿಚಯದ್ದೇ. ಆದರೆ ಒಂದು ವ್ಯತ್ಯಾಸ. ಕೋಲಾರದ ಗಣಿ 2001ರ ಫೆಬ್ರವರಿ 28ಕ್ಕೆ ಬಾಗಿಲು ಹಾಕಿತು. ಹಟ್ಟಿಯ ಚಕ್ರ ಇನ್ನೂ ತಿರುಗುತ್ತಿದೆ.

ನಿಜಾಮನ ಕಾಲದಲ್ಲಿ, 1947ರಲ್ಲಿ, ಹೈದರಾಬಾದ್ ಗೋಲ್ಡ್ ಮೈನ್ಸ್ ಎಂದು ಶುರುವಾದ ಕಂಪನಿ ಇದು. 1956ರ ರಾಜ್ಯ ವಿಂಗಡಣೆಯಾದ ಮೇಲೆ ಮೈಸೂರು ರಾಜ್ಯದ ಪಾಲಿಗೆ ಬಂದು ಹಟ್ಟಿ ಚಿನ್ನದ ಗಣಿ ಕಂಪನಿಯಾಯಿತು. ಇದಕ್ಕೂ ಮೊದಲು, ಇತಿಹಾಸ ಕಣ್ಣು ಬಿಡುವ ಹೊತ್ತಿಗೇ ಇಲ್ಲಿನ ಜನ ಕಲ್ಲಿಗೆ ಬೆಂಕಿ ಇಟ್ಟು ಕಾಯಿಸಿ, ಒಡೆದು, ನೂರಾರು ಅಡಿ ಆಳಕ್ಕೆ ಇಳಿದು ಚಿನ್ನ ತೆಗೆದಿದ್ದರು.

ಕ್ಯಾಂಪಿನ ಚಾದಂಗಡಿಯಲ್ಲಿ ಮಂಡಾಳ ಒಗ್ಗರಣೆ, ಜೊತೆಗೆ ಎರಡು ಮಿರ್ಚಿ. ಪಕ್ಕದ ಬೆಂಚಿನಲ್ಲಿ ಎಪ್ಪತ್ತೈದರ ಆಸುಪಾಸಿನ ಒಬ್ಬ ಹಿರಿಯರು. ಗಣಿಯಲ್ಲಿ ದುಡಿದು ನಿವೃತ್ತರಾದವರು. "ಕಾಕಾ, ಈ ಊರಿಗೆ ವೀಡಿಯೋ ಬಂದದ್ದು ನಿಮಗೆ ನೆನಪೈತೇನ್ರಿ?" ಎಂದೆ.

"ವೀಡಿಯೋ ಆಮ್ಯಾಲ ಬಂತು ತಮ್ಮಾ. ಮೊದಲು ಬಂದಿದ್ದು ಟೀವಿ. ಅದೂ ಆಕಾಶದಾಗಿಂದ!" ಎಂದು ನಕ್ಕರು.

ಮುದುಕರ ಉತ್ಪ್ರೇಕ್ಷೆ ಅಂದುಕೊಂಡಿರಾ? ಅಕ್ಷರಶಃ ಸತ್ಯ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಮ್ಮ ದೇಶ 'ಸೈಟ್' ಎಂಬ ಪ್ರಯೋಗ ನಡೆಸಿತು. ಅಮೆರಿಕದ ಎಟಿಎಸ್-6 ಉಪಗ್ರಹದಿಂದ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ನೇರ ಟೀವಿ. ಕರ್ನಾಟಕದಲ್ಲಿ ಆರಿಸಿಕೊಂಡದ್ದು ಬೆಂಗಳೂರಲ್ಲ, ಮೈಸೂರಲ್ಲ. ರಾಯಚೂರು, ಗುಲ್ಬರ್ಗಾ, ಬಿಜಾಪುರ ಜಿಲ್ಲೆಗಳ ಹಳ್ಳಿಗಳು! ಕೋಳಿಗೂಡಿನ ಜಾಲರಿಯಿಂದ ಮಾಡಿದ ಹತ್ತಡಿಯ ಛತ್ರಿ, ಕೆಳಗೆ ಒಂದು ಟೀವಿ, ಮುಂದೆ ಇಡೀ ಊರು.

"ನಾನು ಮಾವನ ಊರಾಗ ನೋಡೀನಿ" ಎಂದರು ಕಾಕಾ. "ಬೇಸಾಯದ ಮಾತು, ಮಕ್ಕಳ ಆರೋಗ್ಯ, ಅಷ್ಟೊತ್ತಿಗೊಂದು ಹಾಡು, ಕುಣಿತ. ಹಾಡು ಬಂದಾಗ ಒಬ್ಬ ಮುದುಕಿ ಎದ್ದು 'ಇನ್ನೊಮ್ಮೆ ಹಾಡಾಕ ಹೇಳ್ರಪಾ ಆಕಿಗೆ' ಅಂದ್ಳು. ಎಲ್ಲಿಂದ ಹಾಡಿಸೂದು? ಹೋದದ್ದು ಹೋತು!"

ಆ ಮುದುಕಿ ಕೇಳಿದ್ದನ್ನೇ ಅದೇ ವರ್ಷ ಜಪಾನಿನಲ್ಲಿ ಸೋನಿ ಕಂಪನಿ ಮಾರಾಟಕ್ಕೆ ಇಟ್ಟಿತ್ತು. 1975ರ ಮೇ ತಿಂಗಳು, ಬೀಟಾಮ್ಯಾಕ್ಸ್! ಟೀವಿಯಲ್ಲಿ ಬಂದದ್ದನ್ನು ಹಿಡಿದಿಡು, ಬೇಕೆಂದಾಗ 'ಇನ್ನೊಮ್ಮೆ' ನೋಡು. ಸೋನಿಯ ಅಕಿಯೋ ಮೊರಿತಾ ಇದಕ್ಕೆ 'ಟೈಮ್ ಶಿಫ್ಟ್' ಎಂದು ಹೆಸರು ಕೊಟ್ಟರು. ಕಾಲವನ್ನೇ ಪಾಳಿ ಬದಲಿಸುವುದು! ಹಟ್ಟಿಯವರಿಗೆ ಇದನ್ನು ವಿವರಿಸಿ ಹೇಳಬೇಕೇ? 1987ರ ಜನವರಿಯಲ್ಲಿ ದೂರದರ್ಶನದ 'ರಾಮಾಯಣ' ಶುರುವಾದಾಗ ಭಾನುವಾರ ಬೆಳಗಿನ ಒಂಬತ್ತೂವರೆಗೆ ದೇಶವೇ ನಿಂತುಬಿಟ್ಟಿತಂತೆ. "ನಾವು ನೆಲದಾಗ ಇದ್ವಿ. ಪಾಳಿ ಇದ್ದ ದಿನ ರಾಮ ಕಾಡಿಗೆ ಹೋಗೂದು ನೋಡ್ಲಿಲ್ಲ, ಪಾಳಿ ಬದಲಾದಾಗ ಸೀತಿ ಕಾಣ್ಲಿಲ್ಲ" ಎಂದು ಕಾಕಾ ಲೆಕ್ಕ ಕೊಟ್ಟರು.

ಗೆದ್ದದ್ದು ಯಾರು, ಯಾಕೆ?

ಈಗ ಕುಸ್ತಿಯ ಕಣಕ್ಕೆ ಬನ್ನಿ. 1975ರಲ್ಲಿ ಸೋನಿ ಬೀಟಾಮ್ಯಾಕ್ಸ್ ತಂತು. 1976ರಲ್ಲಿ ಜೆವಿಸಿ ಕಂಪನಿ ವಿಎಚ್‌ಎಸ್ ತಂತು. ಎರಡರಲ್ಲೂ ಟೇಪಿನ ಅಗಲ ಒಂದೇ, ಅರ್ಧ ಅಂಗುಲ. ಬೀಟಾ ಕ್ಯಾಸೆಟ್ಟು ಚಿಕ್ಕದು, ಚೊಕ್ಕದು, ಚಿತ್ರವೂ ಒಂದು ಕೂದಲೆಳೆ ಚೆನ್ನ ಎಂಬ ಹೆಸರು. ಆದರೆ ಮೊದಲ ಬೀಟಾ ಕ್ಯಾಸೆಟ್ಟಿನಲ್ಲಿ ಹಿಡಿಯುತ್ತಿದ್ದದ್ದು ಒಂದೇ ಗಂಟೆ. ವಿಎಚ್‌ಎಸ್ ಶುರುವಿನಲ್ಲೇ ಎರಡು ಗಂಟೆ. ಅಮೆರಿಕದ ಆರ್‌ಸಿಎ ಕಂಪನಿ 'ನಮ್ಮ ಫುಟ್‌ಬಾಲ್ ಪಂದ್ಯ ಪೂರ್ತಿ ಹಿಡಿಯಬೇಕು, ನಾಲ್ಕು ಗಂಟೆ ಕೊಡಿ' ಎಂದು ಪಟ್ಟು ಹಿಡಿಯಿತು. ವಿಎಚ್‌ಎಸ್ ಪಾಳಯದ ಮತ್ಸುಶಿತ ಕಂಪನಿ ಅದನ್ನೂ ಮಾಡಿಕೊಟ್ಟಿತು.

ನಮಗೆ ಫುಟ್‌ಬಾಲ್ ಬೇಡ ಗುರುವೇ, ಸಿನಿಮಾ ಬೇಕು. ನಮ್ಮ ಚಿತ್ರ ಅಂದರೆ ಎರಡೂವರೆ ಗಂಟೆ, ಕೆಲವು ಮೂರು ಗಂಟೆ. ಹಾಡು ಬೇಕು, ಫೈಟು ಬೇಕು, ತಾಯಿ ಸೆಂಟಿಮೆಂಟು ಬೇಕು! ನಮ್ಮ ದೇಶಕ್ಕೆ ಬಂದ ವಿಎಚ್‌ಎಸ್‌ನ ಇ-180 ಕ್ಯಾಸೆಟ್ಟಿನಲ್ಲಿ ಸುಮಾರು 258 ಮೀಟರು ಟೇಪು, ಮೂರು ಗಂಟೆಯ ಜಾಗ. ಮೂರು ಗಂಟೆಯ ಬೀಟಾ ಕ್ಯಾಸೆಟ್ಟೂ ಆಮೇಲೆ ಬಂತು ಎನ್ನಿ, ಅಷ್ಟರಲ್ಲಿ ಕಾಲ ಮಿಂಚಿತ್ತು. 1979ರಲ್ಲಿ ಫಿಲಿಪ್ಸ್ ಕಂಪನಿ ತಂದ 'ವೀಡಿಯೋ 2000' ಹಾಡಿನ ಕ್ಯಾಸೆಟ್ಟಿನ ಹಾಗೆ ಎರಡೂ ಬದಿ ತಿರುಗಿಸಿ ಹಾಕುವಂಥದ್ದು. ಬುದ್ಧಿವಂತ ಮಾಲು. ಆದರೆ ಬುದ್ಧಿವಂತಿಕೆಯೊಂದೇ ಗೆಲ್ಲುವುದಿದ್ದರೆ ನಮ್ಮ ಎಷ್ಟೋ ಒಳ್ಳೆಯ ಚಿತ್ರಗಳು ಡಬ್ಬದೊಳಗೆ ಕೂರುತ್ತಿರಲಿಲ್ಲ!

ಹಟ್ಟಿಯ ಕಡೆ ಗೆದ್ದದ್ದಕ್ಕೆ ಇನ್ನೊಂದು ಕಾರಣ, ಬಾಡಿಗೆ. 1982ರಲ್ಲಿ ದೆಹಲಿಯ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ದೇಶಕ್ಕೆ ಬಣ್ಣದ ಟೀವಿ ಬಂತು. ಅದರ ಬೆನ್ನಿಗೇ ವೀಡಿಯೋ. ಯಂತ್ರ ಕೊಳ್ಳುವ ತಾಕತ್ತು ಯಾರಿಗಿತ್ತು? ಕಾಕಾ ಹೇಳುತ್ತಾರೆ: "ಬೋನಸ್ ಬಂತಂದ್ರ ಓಣಿಯವ್ರೆಲ್ಲ ರೊಕ್ಕ ಕೂಡಿಸ್ತಿದ್ವಿ. ಟೀವಿ, ವಿಸಿಆರ್, ನಾಕು ಕ್ಯಾಸೆಟ್ಟು, ಒಂದ್ ರಾತ್ರಿ ಬಾಡಿಗಿ. ಒಂದು ರಾಜಕುಮಾರಂದು, ಒಂದು ಎನ್‌ಟಿಆರ್‌ದು, ಒಂದು ಅಮಿತಾಬನದು. ನಾಕನೇದು ದೇವರ ಪಿಚ್ಚರ್, ಹೆಣ್ಮಕ್ಕಳ ಸಲುವಾಗಿ. ಪಾಳಿ ಮುಗಿಸಿ ಬಂದಾವ ನಡುರಾತ್ರಿ ಬಂದು ಕುಂತ್ರೂ ಅವನ ಪಾಲಿಗೆ ಒಂದು ಪಿಚ್ಚರ್ ಇದ್ದೇ ಇರ್ತಿತ್ತು."

ಕನ್ನಡ, ತೆಲುಗು, ಉರ್ದು ಮೂರೂ ಆಡುವ ಊರಿಗೆ ಮೂರೂ ಭಾಷೆಯ ಕ್ಯಾಸೆಟ್ಟು ಬೇಕು. ಅಂಗಡಿಯವನು ಎರಡು ಬಗೆಯ ಕ್ಯಾಸೆಟ್ಟು ಇಡುತ್ತಾನೆಯೇ? ಯಾವುದು ಹೆಚ್ಚು ಓಡುತ್ತೋ ಅದನ್ನೇ ಇಡುತ್ತಾನೆ. ಅದನ್ನೇ ಇಟ್ಟದ್ದರಿಂದ ಅದೇ ಇನ್ನೂ ಹೆಚ್ಚು ಓಡುತ್ತೆ. ಒಂದೂರಲ್ಲ, ಲೋಕವೆಲ್ಲ ಇದೇ ಕತೆ. ಕೊನೆಗೆ 1988ರಲ್ಲಿ ಸೋನಿಯೇ ತಲೆಬಾಗಿ ವಿಎಚ್‌ಎಸ್ ಯಂತ್ರ ಮಾಡಲು ಶುರು ಮಾಡಿತು. ಹೀರೋನೇ ವಿಲನ್ನಿನ ಕಂಪನಿಗೆ ಸೇರಿಕೊಂಡ ಹಾಗೆ!

ಚಿತ್ರಮಂದಿರದವರ, ವಿತರಕರ ಗೋಳೂ ಕಡಿಮೆಯಿರಲಿಲ್ಲ. ಕಳ್ಳ ಕ್ಯಾಸೆಟ್ಟಿನ ಕಾಟಕ್ಕೆ 1984ರಲ್ಲಿ ಕೃತಿಸ್ವಾಮ್ಯ ಕಾಯಿದೆಗೆ ತಿದ್ದುಪಡಿ ತಂದು ವೀಡಿಯೋ ಚಿತ್ರವನ್ನೂ ಅದರೊಳಗೆ ಸೇರಿಸಿದರು. ಅದೇ ವರ್ಷದ ಜನವರಿ 17ರಂದು ಅಮೆರಿಕದ ಸುಪ್ರೀಂ ಕೋರ್ಟು, ಐದು ನ್ಯಾಯಮೂರ್ತಿಗಳು ಒಂದು ಕಡೆ, ನಾಲ್ವರು ಇನ್ನೊಂದು ಕಡೆ ನಿಂತ ತೀರ್ಪಿನಲ್ಲಿ, ಟೀವಿ ಕಾರ್ಯಕ್ರಮವನ್ನು ಮನೆಯಲ್ಲಿ ಹಿಡಿದಿಟ್ಟು ಆಮೇಲೆ ನೋಡುವುದು ತಪ್ಪಲ್ಲ ಎಂದಿತು. ಸೋನಿ ಕುಸ್ತಿಯಲ್ಲಿ ಸೋತಿತು, ಆದರೆ ಕುಸ್ತಿ ಆಡುವ ಹಕ್ಕನ್ನು ಎಲ್ಲರಿಗೂ ಗೆದ್ದುಕೊಟ್ಟಿತು.

ರಿಪೇರಿ ಅಂಗಡಿಯ ಕೋರ್ಟು

ಕಾಕಾ ನನ್ನನ್ನು ಬಜಾರಿನ ಒಂದು ರಿಪೇರಿ ಅಂಗಡಿಗೆ ಕರೆದೊಯ್ದರು. ಗೋಡೆಯ ತುಂಬ ಸತ್ತ ಯಂತ್ರಗಳು. ಐವತ್ತು ದಾಟಿದ ರಿಪೇರಿಯಣ್ಣ ಹುಡುಗನಾಗಿದ್ದಾಗಲೇ ಸ್ಕ್ರೂಡ್ರೈವರ್ ಹಿಡಿದವರು. ನನ್ನ ಪ್ರಶ್ನೆ ಕೇಳಿ ಒಂದು ಹಳೆಯ ವಿಸಿಆರಿನ ಮುಚ್ಚಳ ಬಿಚ್ಚಿ ತೋರಿಸಿದರು. ಆರು ಸೆಂಟಿಮೀಟರು ಚಿಲ್ಲರೆ ಅಗಲದ ಹೊಳೆಯುವ ಡ್ರಮ್ಮು. ಇದು ನಿಮಿಷಕ್ಕೆ 1500 ಸುತ್ತು ತಿರುಗುತ್ತೆ. ಅದರಲ್ಲಿ ಕೂತ ಹೆಡ್ಡುಗಳು ಟೇಪಿನ ಮೇಲೆ ಓರೆಯಾಗಿ ಗೀಟು ಎಳೆಯುತ್ತಾ ಚಿತ್ರ ಬರೆಯುತ್ತವೆ.

"ಗಣಿ ಊರಿನ ಧೂಳು ನೋಡ್ರಿ. ತಿಂಗಳಿಗೊಮ್ಮೆ ಹೆಡ್ ಕ್ಲೀನ್ ಮಾಡ್ಲೇಬೇಕು. ಆದ್ರ ಸ್ಪಿರಿಟ್ಟು, ಅರಿವಿ ಇದ್ರ ಆತು. ಬೆಲ್ಟ್ ಹರಿದ್ರ ಬೆಲ್ಟ್, ರೋಲರ್ ಸವೆದ್ರ ರೋಲರ್. ಕೈಗೆ ಸಿಗೂ ಮಷೀನು ರೀ ಅದು" ಎಂದರು ಅಣ್ಣ.

ಹಾಗಾದರೆ ವಿಸಿಡಿ ಯಾಕೆ ಬಂತು? 1993ರಲ್ಲಿ ಹುಟ್ಟಿದ ಈ ತಟ್ಟೆಯ ಚಿತ್ರ ವಿಎಚ್‌ಎಸ್‌ಗಿಂತ ದೊಡ್ಡದೇನೂ ಅಲ್ಲ. ಒಂದು ತಟ್ಟೆಗೆ 74 ನಿಮಿಷ, ಇಂಟರ್‌ವೆಲ್ಲಿಗೆ ಎದ್ದು ತಟ್ಟೆ ಬದಲಿಸಬೇಕು. ಮನೆಯ ಪ್ಲೇಯರಿನಲ್ಲಿ ರೆಕಾರ್ಡೂ ಆಗದು. ಅಮೆರಿಕ ಅದರ ಕಡೆ ತಿರುಗಿಯೂ ನೋಡಲಿಲ್ಲ. ಏಷ್ಯಾ ತಬ್ಬಿಕೊಂಡಿತು! ಪ್ಲೇಯರು ಅಗ್ಗ, ತಟ್ಟೆ ಅಗ್ಗ, ಮಳೆಗಾಲದಲ್ಲಿ ಬೂಸ್ಟು ಹಿಡಿಯುವ ಟೇಪಿಲ್ಲ. ಇಂಟರ್‌ವೆಲ್ಲು ನಮಗೆ ಹೇಗೂ ಅಭ್ಯಾಸ. 2007ರ ಹೊತ್ತಿಗೆ ಮೋಸರ್ ಬೇರ್ ಕಂಪನಿ 28 ರೂಪಾಯಿಗೆ ವಿಸಿಡಿ, 34 ರೂಪಾಯಿಗೆ ಡಿವಿಡಿ ಮಾರಲು ಇಳಿದಾಗ ಕ್ಯಾಸೆಟ್ಟಿನ ಕತೆ ಮುಗಿದಿತ್ತು. ನಾನು ಸಿನಿಮಾ ಹುಚ್ಚು ಹಿಡಿಸಿಕೊಂಡದ್ದು ಈ ತಟ್ಟೆಗಳಿಂದಲೇ.

"ಬ್ಲೂ-ರೇ?" ಎಂದೆ.

"ಅದು ಇಲ್ಲಿತನಕ ಬರ್ಲೇ ಇಲ್ರಿ. ರಿಪೇರಿಗೆ ಒಂದೂ ನೋಡಿಲ್ಲ" ಎಂದು ನಕ್ಕರು ಅಣ್ಣ. 2006ರಲ್ಲಿ ಬ್ಲೂ-ರೇ ಮತ್ತು ಎಚ್‌ಡಿ ಡಿವಿಡಿ ನಡುವೆ ಇನ್ನೊಂದು ಮಹಾಯುದ್ಧ. 2008ರ ಫೆಬ್ರವರಿ 19ರಂದು ತೋಷಿಬಾ ಕಂಪನಿ ಎಚ್‌ಡಿ ಡಿವಿಡಿಯ ಬಾವುಟ ಇಳಿಸಿತು. ಟೋಕಿಯೋದಲ್ಲಿ ರಣರಂಗ, ಹಟ್ಟಿಯಲ್ಲಿ ಸುದ್ದಿಯೂ ಇಲ್ಲ! ಗೆದ್ದ ಬ್ಲೂ-ರೇಯ ಗತಿಯಾದರೂ ಏನು? ಮನೆಯಲ್ಲಿ ರೆಕಾರ್ಡು ಮಾಡುವ ಬ್ಲೂ-ರೇ ತಟ್ಟೆಗಳನ್ನು ತಯಾರಿಸುವುದನ್ನು 2025ರ ಫೆಬ್ರವರಿಯಲ್ಲಿ ಸೋನಿ ನಿಲ್ಲಿಸಿತು.

ಅಣ್ಣನ ಅಂಗಡಿಯೇ ಕೋರ್ಟು ಎಂದುಕೊಂಡರೆ ಹೊಸ ಮಾಲು ಬಂದು ನಿಂತಾಗ ಕೇಳುವ ಪ್ರಶ್ನೆ ಮೂರೇ. ಒಂದು, ಪೂರ್ತಿ ಚಿತ್ರ ಅಗ್ಗಕ್ಕೆ ಸಿಗುತ್ತಾ? ಎರಡು, ಪಕ್ಕದ ಮನೆಯವನ ಬಳಿಯೂ ಅದೇ ಇದೆಯಾ, ಕೈ ಬದಲಾಯಿಸಬಹುದಾ? ಮೂರು, ಕೆಟ್ಟರೆ ಊರಲ್ಲೇ ದಾರಿ ಇದೆಯಾ? ವಿಎಚ್‌ಎಸ್ ಮೂರರಲ್ಲೂ ಪಾಸು. ವಿಸಿಡಿ ಪಾಸು. ಬ್ಲೂ-ರೇ ಮೂರರಲ್ಲೂ ಫೇಲು. ಚಿತ್ರದ ಅಂದಚೆಂದ ನಾಲ್ಕನೆಯದೂ ಅಲ್ಲ!

ಈಗಿನ ಹೊಸ ಮಾಲು ಯಾವುದು? ಹಟ್ಟಿಯ ಹುಡುಗರ ಅಂಗೈಯಲ್ಲೇ ಇದೆ. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಡೇಟಾ ಅಗ್ಗವಾದ ಮೇಲೆ ಮೊಬೈಲೇ ಟಾಕೀಸು, ಮೊಬೈಲೇ ಕ್ಯಾಮೆರಾ, ಮೊಬೈಲೇ ವಿಸಿಆರು. 64 ಜಿಬಿಯ ಪೆನ್‌ಡ್ರೈವಿನಲ್ಲಿ ಒಂದೊಂದು ಜಿಬಿಯ ಚಿತ್ರ ಐವತ್ತರ ಮೇಲೆ ಕೂರುತ್ತವೆ. ಆಗಿನ ಕಾಲಕ್ಕೆ ಒಂದು ಕಪಾಟು ತುಂಬ ಕ್ಯಾಸೆಟ್ಟು! ಪಾಳಿ ಮುಗಿಸಿ ಬಂದ ಹುಡುಗ ತನಗೆ ಬೇಕಾದ ಹೊತ್ತಿಗೆ ನೋಡುತ್ತಾನೆ. ಮೊರಿತಾ ಕಂಡ ಕನಸು ನೂರಕ್ಕೆ ನೂರು ನನಸು.

ಹಾಗಾದರೆ ಸುಖಾಂತ್ಯ, ಶುಭಂ ಎಂದು ಪರದೆ ಇಳಿಸಬಹುದಿತ್ತು. ಆದರೆ ಕಾಕಾ ಮನೆಗೆ ಹೋಗಿ ಟ್ರಂಕಿನಿಂದ ಒಂದು ಕ್ಯಾಸೆಟ್ಟು ತಂದರು.

ಮದುವೆಯ ಮೇಲೆ ಸಿನಿಮಾ

1988ರಲ್ಲಿ ನಡೆದ ಅವರ ತಂಗಿಯ ಮದುವೆಯ ಕ್ಯಾಸೆಟ್ಟು. ಕಾಕಾ ಅವರ ಅವ್ವ ಸೋಬಾನ ಪದ ಹಾಡುವುದರಲ್ಲಿ ಓಣಿಗೇ ಹೆಸರುವಾಸಿಯಂತೆ. ಆ ಮದುವೆಯಲ್ಲೂ ಹಾಡಿದ್ದರು. ಮೂರು ವರ್ಷ ಕಳೆದು ತೀರಿಕೊಂಡರು. ಅವರ ದನಿ ಇರುವುದು ಲೋಕದಲ್ಲಿ ಇದೊಂದೇ ಕಡೆ.

"ಆದ್ರ ತಮ್ಮಾ, ಇದರಾಗ ಒಂದು ಗಡಬಡ ಐತಿ" ಎಂದರು ಕಾಕಾ. ಏನೆಂದರೆ, 1994ರಲ್ಲಿ ಅವರ ಮಗ, ಆಗ ಹದಿನಾಲ್ಕರ ಹುಡುಗ, ಅಣ್ಣಾವ್ರ ಕಟ್ಟಾ ಅಭಿಮಾನಿ. ದೂರದರ್ಶನದಲ್ಲಿ ರಾಜಕುಮಾರರ ಚಿತ್ರ ಬರುತ್ತೆಂದು ಗೊತ್ತಾಯಿತು. ಖಾಲಿ ಕ್ಯಾಸೆಟ್ಟಿಗೆ ದುಡ್ಡಿಲ್ಲ. ಮನೆಯಲ್ಲಿದ್ದ ಕ್ಯಾಸೆಟ್ಟನ್ನೇ ತಳ್ಳಿ ರೆಕಾರ್ಡು ಒತ್ತಿಬಿಟ್ಟ! ಅಜ್ಜಿಯ ಹಾಡಿನ ಮೇಲೆ ಅಣ್ಣಾವ್ರು.

ವಿಎಚ್‌ಎಸ್ ಕ್ಯಾಸೆಟ್ಟಿನ ಬೆನ್ನಿನ ಅಂಚಿನಲ್ಲಿ ಒಂದು ಚಿಕ್ಕ ಪ್ಲಾಸ್ಟಿಕ್ ಹಲ್ಲು ಇರುತ್ತೆ. ಅದನ್ನು ಮುರಿದುಬಿಟ್ಟರೆ ಆ ಕ್ಯಾಸೆಟ್ಟಿನ ಮೇಲೆ ಮತ್ತೆ ರೆಕಾರ್ಡು ಆಗದು. ಎಷ್ಟು ಮನೆಗಳಲ್ಲಿ ಅದನ್ನು ಮುರಿದರು? ಬರೆಯುವ ಸೌಕರ್ಯ ಕೊಟ್ಟ ಯಂತ್ರವೇ ಅಳಿಸುವ ಸೌಕರ್ಯವನ್ನೂ ಕೊಟ್ಟಿತ್ತು. ವಿಸಿಆರಿನೊಳಗೆ ಅಳಿಸುವುದಕ್ಕೆಂದೇ ಒಂದು ಹೆಡ್ಡು ಬೇರೆ!

ರಿಪೇರಿಯಣ್ಣ ಕ್ಯಾಸೆಟ್ಟನ್ನು ಬೆಳಕಿಗೆ ಹಿಡಿದು ನೋಡಿದರು. ಅಂಚಿನಲ್ಲಿ ಬಿಳಿ ಬೂಸ್ಟು. "ಈಗ ಹಾಕಿದ್ರ ಹೆಡ್ಡೂ ಹೋಗ್ತೈತಿ, ಟೇಪೂ ಹರೀತೈತಿ. ನಾಳೆ ಬರ್ರಿ" ಎಂದರು. ಆ ರಾತ್ರಿ ಕ್ಯಾಸೆಟ್ಟಿನ ಸ್ಕ್ರೂ ಬಿಚ್ಚಿ, ಸುರುಳಿ ಒರೆಸಿ, ಬೇರೆ ಕ್ಯಾಸೆಟ್ಟಿನ ಕವಚಕ್ಕೆ ಹಾಕಿದರು. ಮರುದಿನ ವಿಸಿಆರಿನಿಂದ ಕಂಪ್ಯೂಟರಿಗೆ ತಂತಿ ಎಳೆದು, "ಒಂದೇ ಸಲ ಓಡಸ್ತೀನಿ. ಓಡೂ ಹೊತ್ತಿಗೇ ಕಾಪಿ ಆಗ್ಬೇಕು" ಎಂದು ಒತ್ತಿದರು.

ಅಣ್ಣಾವ್ರ ಚಿತ್ರ ಶುರು. ಗೆರೆ ಗೆರೆ, ಬಣ್ಣ ಮಾಸಿದೆ. ಕಾಕಾ ಸುಮ್ಮನೆ ನೋಡುತ್ತ ಕೂತರು. ಚಿತ್ರ ಬೇಕಾದರೆ ಅಲ್ಲೇ ನನ್ನ ಮೊಬೈಲಿನಲ್ಲಿ ಇದಕ್ಕಿಂತ ಚೆನ್ನಾಗಿ ಸಿಗುತ್ತಿತ್ತು. ನಮಗೆ ಬೇಕಾದದ್ದು ಅದರ ಕೆಳಗೆ ಹೂತುಹೋದದ್ದು, ಅದು ಹೊರಗೆ ಬಾರದು. ಗಣಿಯವರ ಊರಿನಲ್ಲೂ ಅಗೆಯಲಾಗದ ಪದರ ಒಂದಿದೆ!

ಎರಡೂಕಾಲು ಗಂಟೆ ಕಳೆದು ಚಿತ್ರ ಮುಗಿಯಿತು. ಪರದೆ ಒಂದು ಸಲ ಜರ್ರೆಂದಿತು. ಅಣ್ಣ ಕೈ ಎತ್ತಿ "ತಡೀರಿ" ಎಂದರು. ಕ್ಯಾಸೆಟ್ಟು ಮೂರು ಗಂಟೆಯದು, ಚಿತ್ರ ಎರಡೂಕಾಲು ಗಂಟೆಯದು! ಚಿತ್ರ ಮುಗಿದ ಮೇಲೆ ಹುಡುಗ ಯಂತ್ರ ನಿಲ್ಲಿಸಿದ್ದ. ಉಳಿದ ಮುಕ್ಕಾಲು ಗಂಟೆಯ ಮೇಲೆ ಕೈ ಆಡಿಸಿರಲಿಲ್ಲ. ಚಪ್ಪರ ಕಂಡಿತು, ಬುತ್ತಿಗಂಟು ಕಂಡಿತು, ಹೆಣ್ಣು ಒಪ್ಪಿಸುವ ಹೊತ್ತು. ಇಳಕಲ್ ಸೀರೆಯ ಸೆರಗು ತಲೆಯ ಮೇಲೆ ಹೊದ್ದ ಒಬ್ಬ ಹೆಂಗಸು, ಮುಖ ಅರ್ಧ ಮಾತ್ರ ಕಾಣುತ್ತೆ, ನಾಲ್ಕು ನುಡಿ ಹಾಡಿದರು. ಐದನೆಯ ನುಡಿಗೆ ಗಂಟಲು ಕಟ್ಟಿತು, ಪಕ್ಕದವಳು ಮುಂದುವರಿಸಿದಳು.

ಕಾಕಾ "ಇನ್ನೊಮ್ಮೆ ಹಾಕ್ರಿ" ಎಂದರು.

"ಕ್ಯಾಸೆಟ್ಟಿಂದ ಬ್ಯಾಡ ಕಾಕಾ, ಟೇಪು ತಾಳಂಗಿಲ್ಲ. ಕಂಪ್ಯೂಟರಿನಾಗ ಬಂದೈತಿ. ಎಷ್ಟು ಸಲ ಬೇಕಾದ್ರೂ ನೋಡ್ರಿ" ಎಂದರು ಅಣ್ಣ. ಎಷ್ಟು ದುಡ್ಡು ಎಂದು ಕೇಳಿದರೆ ಅವ್ವನ ಹಾಡಿಗೆ ದುಡ್ಡು ಬೇಡ, ಅಣ್ಣಾವ್ರ ಪಿಚ್ಚರ್‌ದು ಕೊಡ್ರಿ ಎಂದು ನಕ್ಕು ಇನ್ನೂರು ರೂಪಾಯಿ ಇಸಿದುಕೊಂಡರು.

ನಾಲ್ಕನೆಯ ಪ್ರಶ್ನೆ

ಮೂರು ಪ್ರಶ್ನೆ ಹೇಳಿದೆನಲ್ಲ, ನಾಲ್ಕನೆಯದನ್ನು ಯಾವ ಅಂಗಡಿಯಲ್ಲೂ ಯಾರೂ ಕೇಳಲಿಲ್ಲ. ಮೂವತ್ತು ವರ್ಷ ಕಳೆದ ಮೇಲೆ ಇದು ಆಡುತ್ತಾ? ಬೀಟಾ ಕ್ಯಾಸೆಟ್ಟಿನ ಮಾರಾಟ 2016ರ ಮಾರ್ಚಿಗೆ ನಿಂತಿತು. ಲೋಕದ ಕೊನೆಯ ವಿಎಚ್‌ಎಸ್ ಯಂತ್ರ ಮಾಡುತ್ತಿದ್ದ ಜಪಾನಿನ ಫುನಾಯ್ ಕಂಪನಿ ಅದೇ ವರ್ಷದ ಜುಲೈನಲ್ಲಿ ಕೈ ತೊಳೆಯಿತು. ಟೇಪಿನಲ್ಲಿರುವುದನ್ನು 2025ರೊಳಗೆ ಕಂಪ್ಯೂಟರಿಗೆ ಇಳಿಸದಿದ್ದರೆ ಬಹುಪಾಲು ಕೈಬಿಟ್ಟುಹೋಗುತ್ತೆ ಎಂದು ಆಸ್ಟ್ರೇಲಿಯಾದ ರಾಷ್ಟ್ರೀಯ ಚಿತ್ರ ಮತ್ತು ಧ್ವನಿ ಭಂಡಾರ 2015ರಲ್ಲೇ ಗಂಟೆ ಬಾರಿಸಿತ್ತು. ಮಸ್ಕಿಯ ಮಾತು ಜೇಬಿನಲ್ಲಿದೆ ತಾನೇ? ಕಲ್ಲು ಕಾದು ಕೂರುತ್ತೆ. ಟೇಪು ಕಾಯುವುದಿಲ್ಲ.

ಸಿನಿಮಾಕ್ಕೆ ಇದರಿಂದ ಏನು ಅಂತೀರಾ? ಕನ್ನಡದ ಮೊಟ್ಟಮೊದಲ ವಾಕ್ಚಿತ್ರ 'ಸತಿ ಸುಲೋಚನ' 1934ರ ಮಾರ್ಚಿ 3ರಂದು ತೆರೆ ಕಂಡಿತು. ಇಂದು ಅದರ ಪ್ರತಿ ಉಳಿದಿಲ್ಲ. ಆಗ ಯಾರ ಮನೆಯ ಟ್ರಂಕಿನಲ್ಲೂ ಒಂದು ಕಾಪಿ ಇರಲು ಸಾಧ್ಯವಿರಲಿಲ್ಲ. ಅದೇ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಮೇರಿಯನ್ ಸ್ಟೋಕ್ಸ್ ಎಂಬ ಹೆಣ್ಣುಮಗಳು 2012ರಲ್ಲಿ ತೀರಿಕೊಳ್ಳುವವರೆಗೆ ಮೂರು ದಶಕಕ್ಕೂ ಹೆಚ್ಚು ಕಾಲ ಹಗಲೂ ರಾತ್ರಿ ಟೀವಿ ಸುದ್ದಿಯನ್ನು ಬೀಟಾದಲ್ಲಿ, ವಿಎಚ್‌ಎಸ್‌ನಲ್ಲಿ ಹಿಡಿದಿಟ್ಟರು. ಸುಮಾರು 70 ಸಾವಿರ ಕ್ಯಾಸೆಟ್ಟು! ಟೀವಿ ಕಂಪನಿಗಳೇ ಅಳಿಸಿ ಹಾಕಿದ್ದೆಷ್ಟೋ ಆಕೆಯ ಮನೆಯಲ್ಲಿ ಉಳಿಯಿತು. ದೊಡ್ಡವರ ಗೋದಾಮಿಗಿಂತ ಬಡವರ ಟ್ರಂಕು ಒಮ್ಮೊಮ್ಮೆ ಗಟ್ಟಿ. ಆದ್ದರಿಂದ ಆ ಹದಿನಾಲ್ಕರ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ರೆಕಾರ್ಡು ಮಾಡುವ ಹುಚ್ಚು ಒಳ್ಳೆಯದೇ. ಎಲ್ಲಿ ಅಳಿಸುತ್ತಿದ್ದೇವೆ ಎಂದು ನೋಡಿಕೊಳ್ಳಬೇಕು, ಅಷ್ಟೇ.

ಹೊಸ ಮಾಲು ಓಡುತ್ತಾ ಎಂದು ಕೇಳುವವರಿಗೆ ಹಟ್ಟಿಯ ಉತ್ತರ ಇಷ್ಟು. ಅಗ್ಗವಾಗಿದ್ದರೆ, ಕೈಯಿಂದ ಕೈಗೆ ದಾಟಿದರೆ, ಊರಲ್ಲೇ ರಿಪೇರಿಯಾದರೆ ಓಡೇ ಓಡುತ್ತೆ. ಆದರೆ ಓಡುವುದು ಬೇರೆ, ಉಳಿಯುವುದು ಬೇರೆ. ಕೈಯಲ್ಲಿರುವ ಮೊಬೈಲು ಆ ಕ್ಯಾಸೆಟ್ಟಿಗಿಂತ ಸುಲಭವಾಗಿ ಅಳಿಸುತ್ತೆ. 'ಜಾಗ ಸಾಲದು' ಎಂದು ಅದು ಕೇಳಿದಾಗ ಹೊಸ ಟ್ರೈಲರಿಗೆ ಜಾಗ ಮಾಡಲು ಅಪ್ಪನ ದನಿಯಿದ್ದ ವೀಡಿಯೋ ಅಳಿಸಿದವರು ನಮ್ಮಲ್ಲೇ ಎಷ್ಟು ಜನ ಇಲ್ಲ?

ಆದ್ದರಿಂದ ಅಭಿಮಾನಿ ಮಿತ್ರರೇ, ಈ ಸಂಚಿಕೆ ಮಡಚಿಟ್ಟು ಊರಿಗೆ ಹೋದಾಗ ಒಂದು ಕೆಲಸ ಮಾಡಿ. ಅಟ್ಟದ ಮೇಲಿನ ಟ್ರಂಕು ಇಳಿಸಿ. ಕ್ಯಾಸೆಟ್ಟು ಸಿಕ್ಕರೆ ಮೊದಲು ಆ ಪ್ಲಾಸ್ಟಿಕ್ ಹಲ್ಲು ಮುರಿಯಿರಿ. ಬೂಸ್ಟು ಕಂಡರೆ ಯಂತ್ರಕ್ಕೆ ಹಾಕಬೇಡಿ, ಬಲ್ಲವರ ಕೈಗೆ ಕೊಡಿ. ಇಳಿಸಿದ ಮೇಲೆ ಎರಡು ಕಾಪಿ ಮಾಡಿ ಎರಡು ಮನೆಯಲ್ಲಿಡಿ. ಲೇಬಲ್ಲಿನ ಮೇಲೆ ಅಣ್ಣಾವ್ರ ಚಿತ್ರದ ಹೆಸರಿದ್ದರೂ ಕೊನೆಯವರೆಗೆ ಓಡಿಸಿ ನೋಡಿ. ಹಟ್ಟಿಯಲ್ಲಿ ಒಂದು ಟನ್ನು ಕಲ್ಲು ಅರೆದರೆ ಸಿಗುವುದು ಕೆಲವೇ ಗ್ರಾಮು ಚಿನ್ನ. ಆದರೂ ಅರೆಯುವುದನ್ನು ಬಿಟ್ಟಿಲ್ಲ.